ನಾಲ್ಕು ಅಂಗಿಗೆ ಒಮ್ಮೆ

"ಇವನ್ಯಾರೇ?" ಹದಿಮೂರನೆಯ ಟೀ ಶರ್ಟನ್ನು ಎತ್ತಿ ಹಿಡಿದು ನಜರೆತ್ ಕೇಳಿದಳು. "ಊದಿಕೊಂಡ ಮುದಿ ಆಮೆ ಥರ ಇದಾನೆ. ನನ್ನ ತಮ್ಮ ಅಲ್ಲ ಇವನು."

ತಬಿತಾ ಅಂಗಿಗೆ ಚಿತ್ರ ಒತ್ತುವ ಜಾಲರಿಯ ಮೇಲೆ ಇನ್ನಷ್ಟು ಕಪ್ಪು ಶಾಯಿ ಸುರಿದು ರಬ್ಬರ್ ಪಟ್ಟಿಯಿಂದ ಎಳೆದಳು. ಜಾಲರಿಯಲ್ಲಿದ್ದುದು ಅವಳ ಗಂಡ ವಾಲ್ಟರನ ಮುಖ. ಅವನನ್ನು ಮಣ್ಣು ಮಾಡಿ ಮೂರು ವರ್ಷ. ಇಲ್ಲಿನ ವಾಡಿಕೆಯಂತೆ ನಾಳೆ ಬೆಳಿಗ್ಗೆ, ಅವನ ಚಿತ್ರವಿರುವ ಸಮಾಧಿಯ ಕಲ್ಲಿಗೆ ಸುತ್ತಿದ ಬಟ್ಟೆ ಬಿಚ್ಚುತ್ತಾರೆ; ಅಲ್ಲಿಗೆ ಅಳು ಮುಗಿದು ಊಟ, ಕುಣಿತ ಶುರು. ಬಳಗವೆಲ್ಲ ಅವನ ಮುಖವಿರುವ ಅಂಗಿಯನ್ನೇ ತೊಡಬೇಕು. ಅರ್ಧ ಬಳಗ ಸಂಜೆಯ ದೋಣಿಗೆ ಈ ಥರ್ಸ್‌ಡೇ ದ್ವೀಪಕ್ಕೆ ಬಂದಿಳಿಯಲಿತ್ತು.

ನಾಲ್ಕು ಅಂಗಿಗೆ ಒಮ್ಮೆ ಜಾಲರಿಯ ಬೆನ್ನು ಒರೆಸಬೇಕು, ಇಲ್ಲದಿದ್ದರೆ ಒಸರಿದ ಶಾಯಿ ಅಲ್ಲೇ ಕಟ್ಟಿಕೊಂಡು ಮುಂದಿನ ಅಂಗಿಯ ಗೆರೆಗಳೆಲ್ಲ ಮೆತ್ತಗಾಗುತ್ತವೆ. ಇದು ಗಂಡ ಹೆಂಡತಿ ಸೇರಿ ಅಂಗಿ ಒತ್ತುತ್ತಿದ್ದ ಈ ಶೆಡ್ಡಿನಲ್ಲಿ ತಬಿತಾಳೇ ಮಾಡಿದ ಕಾನೂನು. ಹರಟೆಗೆ ನಿಂತು ಒರೆಸುವುದನ್ನು ಮರೆತ ವಾಲ್ಟರನಿಗೆ ಅವಳು ಬೈಯುತ್ತಿದ್ದುದು ಬಂದರಿನವರೆಗೂ ಕೇಳಿಸುತ್ತಿತ್ತು. ಅವನೋ, ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿ ತೋರಿಸಿ ನಕ್ಕುಬಿಡುತ್ತಿದ್ದ. ಈಗ ಅಂಗಿಯ ಮೇಲೆ ಹಲ್ಲೂ ಸಂದಿಯೂ ಒಂದೇ ಕಪ್ಪಾಗಿ ಮುಚ್ಚಿಹೋಗಿದ್ದವು.

"ಬೆಳಗಿಂದ ಒಂದ್ಸಲನೂ ಒರೆಸಿಲ್ಲ ನೀನು. ಸರಿ ಆ ಕಡೆ, ನಾನೇ ಒರೆಸ್ತೀನಿ," ಎಂದು ನಜರೆತ್ ಒದ್ದೆ ಬಟ್ಟೆ ಹಿಂಡಿದಳು.

"ಮುಟ್ಟಬೇಡಿ ಅತ್ತಿಗೆ!" ತಬಿತಾ ಚೌಕಟ್ಟಿಗೆ ಅಡ್ಡ ನಿಂತಳು. ಆಮೇಲೆ ದನಿ ಇಳಿಸಿದಳು. "ಆಸ್ಪತ್ರೇಲಿ ಹದಿನೇಳು ದಿನ ನಾನೇ ಮುಖ ಒರೆಸ್ತಿದ್ದೆ. ಕೊನೇ ದಿನ ಗದ್ದ ಒರೆಸಿ, ಕೆನ್ನೆ ಒರೆಸಿ, ಹಣೆಗೆ ಬರೋ ಅಷ್ಟರಲ್ಲಿ ಹೋಗ್ಬಿಟ್ಟಿದ್ದ. ಇನ್ನು ಅವನ ಮುಖಕ್ಕೆ ಬಟ್ಟೆ ಮುಟ್ಟೋದು ಬೇಡ."

ನಜರೆತ್ ಶಾಯಿಯ ಡಬ್ಬದ ಮೇಲೆ ಕುಳಿತಳು.

"ಒರೆಸಿದ್ದಕ್ಕೆ ಹೋದ ಅಂದ್ಕೊಂಡಿದೀಯಾ ಹುಚ್ಚಿ?" ಎಂದಳು. "ಒರೆಸದೇ ಇರೋದಕ್ಕೆ ಈಗ ಹೋಗ್ತಿದಾನೆ ನೋಡು. ನಾಳೆ ಕಲ್ಲಿನ ಮೇಲೆ ಒಬ್ಬ, ನಮ್ಮ ಎದೆ ಮೇಲೆ ಇನ್ನೊಬ್ಬ ಇರಬೇಕಾ?"

ತಬಿತಾ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡಳು. ಚೌಕಟ್ಟನ್ನೆತ್ತಿ ಹಣೆಯಿಂದ ಶುರುಮಾಡಿದಳು. ಮೂರು ವರ್ಷದ ಹಿಂದೆ ಬಿಟ್ಟಿದ್ದ ಜಾಗ. ಕಣ್ಣು, ಮೂಗು, ಮೀಸೆ ಎಲ್ಲ ಒರೆಸಿದ ಮೇಲೆ ಹಳೆಯ ಪೇಪರಿನ ಮೇಲೆ ಎರಡು ಸಲ ಒತ್ತಿ, ಹೊಸ ಅಂಗಿ ಹಾಸಿ, ಎಳೆದಳು.

ಹಲ್ಲು ಬೇರೆ ಬೇರೆಯಾಗಿ ಮೂಡಿದವು. ನಡುವೆ ಆ ಸಂದಿ.

"ಬಂದ ನೋಡು ಕಳ್ಳ," ಎಂದು ನಜರೆತ್ ನಗುತ್ತಲೇ ಕಣ್ಣೊತ್ತಿಕೊಂಡಳು. ತಬಿತಾಳಿಗೆ ಅವನು ಬೇಕು ಅನ್ನಿಸಿತು. ಈಗಲೇ, ಇದೇ ಮೇಜಿನ ಹತ್ತಿರ, ತನ್ನಿಂದ ಬೈಸಿಕೊಳ್ಳುತ್ತ ನಿಂತಿರಬೇಕು.

ಮುಂದಿನ ಅಂಗಿ ಎಳೆದು ಚೌಕಟ್ಟನ್ನೆತ್ತಿ ಒರೆಸಿದಳು. ಇನ್ನೊಂದು ಎಳೆದಳು. ಮತ್ತೆ ಒರೆಸಿದಳು, ನಿಧಾನವಾಗಿ, ಕಿವಿಯ ಹಿಂದೆಯೂ ಬಿಡದಂತೆ.

"ಒಂದೊಂದಕ್ಕೂ ಯಾಕೆ ಒರೆಸ್ತಿದೀಯ? ನಾಲ್ಕಕ್ಕೆ ಒಮ್ಮೆ ಸಾಕು ಅನ್ನೋಳು ನೀನೇ. ದೋಣಿ ಬಂದ್ಬಿಡುತ್ತೆ ಕಣೇ."

"ಬರಲಿ ಬಿಡಿ ಅತ್ತಿಗೆ," ಎಂದಳು ತಬಿತಾ, ಬಟ್ಟೆಯನ್ನು ಮತ್ತೆ ನೀರಿನಲ್ಲಿ ಅದ್ದುತ್ತ. "ಮುಖ ಒರೆಸೋಕೆ ಇನ್ನು ಅರವತ್ತೇ ಅಂಗಿ ಉಳಿದಿರೋದು."