ಕೊಂಡವರು ಖುದ್ದಾಗಿ ಬರಬೇಕು

"ಇಷ್ಟೆಲ್ಲ ಕೊಂಡಿದ್ದು ಯಾರು?" ಮೇಜಿನ ಮೇಲಿನ ರಾಶಿ ನೋಡಿ ವಿಮಾನ ನಿಲ್ದಾಣದ ಸುಂಕದ ಅಧಿಕಾರಿ ಥನೋಮ್ ಕೇಳಿದ.

ಚರ್ಮದ ಕೈಚೀಲಗಳು, ಡಜನ್‌ಗಟ್ಟಲೆ ಲಿಪ್‌ಸ್ಟಿಕ್ಕು, ಸೊಂಟನೋವಿನ ಬೆಲ್ಟು. ರಶೀದಿಗಳೆಲ್ಲ ಶ್ರೀಯುತ ಹೋಲ್ಮ್ ಎಂಬ ಸ್ವೀಡನ್ ಪ್ರವಾಸಿಯ ಹೆಸರಿನಲ್ಲಿದ್ದವು. ಎದುರಿಗೆ ನಿಂತಿದ್ದ ಲಮ್ಯೈ ಮಾತ್ರ ಅಪ್ಪಟ ಬ್ಯಾಂಕಾಕಿನ ಹೆಂಗಸು.

"ನಮ್ಮ ಕುಟುಂಬದವನೇ ಕಣಪ್ಪ. ಮಗಳ ಜೊತೆ ಬಂದಿದ್ದಾನೆ."

ಕೊಂಡ ಸಾಮಾನಿನ ಮೇಲಿನ ತೆರಿಗೆ ಹೊರದೇಶದವರಿಗೆ ಹೊರಡುವಾಗ ವಾಪಸು ಸಿಗುತ್ತದೆ. ಥಾಯಿಗಳಿಗೆ ಒಂದು ಬಾತ್ ನಾಣ್ಯವೂ ಇಲ್ಲ. ಹಾಗಾಗಿ ಬಿಳಿ ಅಳಿಯಂದಿರನ್ನು ಮುಂದಿಟ್ಟುಕೊಂಡು ತೆರಿಗೆ ಉಳಿಸುವ ಅತ್ತೆಯಂದಿರಿಗೆ ಊರಲ್ಲಿ ಬರವಿರಲಿಲ್ಲ. ಹೋದ ತಿಂಗಳು ಅಂಥ ಒಬ್ಬಳಿಗೆ ಮುದ್ರೆ ಒತ್ತಿಕೊಟ್ಟು ಥನೋಮ್ ಮೇಲಧಿಕಾರಿಯಿಂದ ಛೀಮಾರಿ ಹಾಕಿಸಿಕೊಂಡಿದ್ದ. ಇನ್ನೊಮ್ಮೆ ಎಡವಿದರೆ ಗಡಿಠಾಣೆಗೆ ಎತ್ತಂಗಡಿ.

"ಕೊಂಡವರು ಖುದ್ದಾಗಿ ಬರಬೇಕಮ್ಮ. ಪಾಸ್‌ಪೋರ್ಟ್ ಎಲ್ಲಿ?"

"ಅವನ ಕೈಲೇ ಇದೆ. ಕಿತ್ಕೊಳ್ಳೋಕೆ ಹೋದ್ರೆ ರಂಪ ಮಾಡ್ತಾನೆ. ಈಗಷ್ಟೇ ಬಾಟ್ಲಿ ಖಾಲಿ ಮಾಡಿ ಮಲಗಿದ್ದಾನೆ, ಆ ಕಂಬದ ಹಿಂದೆ."

ಬೆಳಬೆಳಗ್ಗೆಯೇ ಬಾಟ್ಲಿ. ಥನೋಮ್ ಮೂಗು ಮುರಿದ.

"ಎಬ್ಬಿಸಿ ನಡೆಸ್ಕೊಂಡು ಬನ್ನಿ."

"ನಡೆಯೋದೆಲ್ಲಿ ಬಂತು? ಹಿಡ್ಕೊಂಡ್ರೆ ನಾಲ್ಕು ಹೆಜ್ಜೆ. ಆಮೇಲೆ ಧೊಪ್ಪಂತ ಬೀಳ್ತಾನೆ."

"ಮಗಳು ಹೇಗೆ ಸಹಿಸ್ತಾಳೆ?"

"ಏನ್ ಹೇಳ್ಲಿ? ರಾತ್ರಿಯೆಲ್ಲ ಅವನ ಸೇವೆ. ಕಣ್ಣು ಗುಳಿ ಬಿದ್ದಿದೆ. ಆದ್ರೂ ಅವನು ಒಂದ್ಸಲ ನಕ್ಕರೆ ಸಾಕು, ಎಲ್ಲ ಮರೀತಾಳೆ."

ಥನೋಮನ ತಂಗಿಯೂ ಹೀಗೆಯೇ ಮರೆಯುವವಳು. ಅವಳ ಕುಡುಕ ಗಂಡನ ಮುಖ ನೆನಪಾಗಿ ಅವನ ರಕ್ತ ಕುದಿಯಿತು.

"ಸಲುಗೆ ಕೊಟ್ಟು ಕೆಡಿಸಿದ್ದೀರಿ, ಅಮ್ಮ. ನಾಲ್ಕು ಬಿಗಿದಿದ್ರೆ ನೆಟ್ಟಗಾಗ್ತಿದ್ದ."

ಲಮ್ಯೈ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಹೊಡೆಯೋದಾ? ಬಾಯಿಗೆ ಹುಳ ಬೀಳ್ಲಿ ನಿನ್ನ. ಇಡೀ ಮನೆ ಅವನನ್ನ ತಲೆ ಮೇಲೆ ಹೊತ್ಕೊಂಡು ಓಡಾಡುತ್ತೆ, ಗೊತ್ತಾ?"

ಇನ್ನು ತಡೆಯಲಾಗಲಿಲ್ಲ. ಥನೋಮ್ ಮುದ್ರೆಯನ್ನು ಮೇಜಿನ ಮೇಲೆ ಕುಕ್ಕಿದ. ಬಾಗಿಲಲ್ಲಿದ್ದ ಪೊಲೀಸನನ್ನು ಕರೆದ. ತೆರಿಗೆ ಮೋಸಕ್ಕೊಂದು, ಕುಡಿದು ಬಿದ್ದದ್ದಕ್ಕೊಂದು, ಎರಡು ಕೇಸು ಜಡಿಯಬೇಕು. ತಂಗಿಯ ಗಂಡನಿಗೆ ಆಡಲಾಗದೆ ಉಳಿದ ಮಾತುಗಳನ್ನೆಲ್ಲ ನಾಲಗೆಯ ತುದಿಗೆ ತಂದುಕೊಂಡು ದಾಪುಗಾಲು ಹಾಕಿದ. ಸಾಲಿನಲ್ಲಿದ್ದವರು ಚೀಲ ಬಿಟ್ಟು ಹಿಂದೆಯೇ ಬಂದರು.

ಕಂಬದ ಹಿಂದೆ ಬೆಂಚಿನ ಮೇಲೆ ಕಣ್ಣು ಗುಳಿಬಿದ್ದ ಯುವತಿಯೊಬ್ಬಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅವಳ ಪಕ್ಕದ ತಳ್ಳುಗಾಡಿಯಲ್ಲಿ, ಬೂಟಿನ ಸದ್ದಿಗೆ ಎಚ್ಚೆತ್ತ ಹತ್ತು ತಿಂಗಳ ಶ್ರೀಯುತ ಹೋಲ್ಮ್, ಇದ್ದ ಎರಡೇ ಹಲ್ಲಿನಲ್ಲಿ ತಮ್ಮ ಪಾಸ್‌ಪೋರ್ಟನ್ನು ಜಗಿಯುತ್ತ ಕುಳಿತಿದ್ದರು.