ಅಪ್ಪ ಮೆಚ್ಚಿದ ಊರು

"ನಿಲ್ಸಮ್ಮ, ಇಲ್ಲೇ ಇಳಿಯೋಣ," ಎಂದು ಅಪ್ಪ ಕಾರಿನ ಗಾಜು ತಟ್ಟಿದರು. ಮಗಳು ರೂಢಿಯಂತೆ ಬ್ರೇಕ್ ಒತ್ತಿಬಿಟ್ಟಳು. ಅವರ ಮನೆಯ ಕಾನೂನೇ ಹಾಗೆ: ಹೆದ್ದಾರಿ ಬಿಟ್ಟು ಸಣ್ಣ ರಸ್ತೆ ಹಿಡಿಯಬೇಕು, ಯಾರಾದರೂ ಒಂದು ಊರನ್ನು ಮೆಚ್ಚಿ ನಿಲ್ಲಿಸು ಅಂದರೆ ಏಕೆಂದು ಕೇಳದೆ ನಿಲ್ಲಿಸಬೇಕು. ಹಾಗೆ ಇಳಿದ ಊರುಗಳಲ್ಲಿ ಅಪ್ಪ ಗುರುತಿಲ್ಲದ ಕ್ಷೌರಿಕನ ಕೈಯಲ್ಲಿ ಮೀಸೆ ಬೋಳಿಸಿಕೊಂಡಿದ್ದರು, ಯಾರದೋ ಮದುವೆ ಫೋಟೋದಲ್ಲಿ ಹಲ್ಲು ಕಿರಿದು ನಿಂತಿದ್ದರು.

ಆದರೆ ಈಗ ಕಾರು ನಿಂತದ್ದು ಅವರದೇ ಬೀದಿಯಲ್ಲಿ, ಅವರದೇ ಟೈಲರ್ ಅಂಗಡಿಯ ಮುಂದೆ. ತಮಾಷೆ ಇರಬೇಕೆಂದು ಮಗಳು ನಕ್ಕಳು. ಅಪ್ಪ ನಗಲಿಲ್ಲ. ಇಳಿದು ಹೋಗಿ, ಬಾಗಿಲಲ್ಲಿ ತೂಗುತ್ತಿದ್ದ ಕೋಟಿನ ಕಾಲರ್ ಮಗುಚಿ ಒಳಹೊಲಿಗೆ ನೋಡಿದರು. ಅದು ಅವರೇ ಹೊಲಿದ ಕೋಟು. "ಹೊಲಿದೋರು ಯಾರೋ ಏನೋ, ಕೈ ಚೆನ್ನಾಗಿದೆ," ಎಂದರು.

ಮಾತು ಕೇಳಿ ಅಮ್ಮ ಹೊರಬಂದಳು. ಗುಂಡಿ ಹೊಲಿಯುತ್ತಿದ್ದ ಸೂಜಿ ಕೈಯಲ್ಲೇ ಇತ್ತು.

"ತಾಯಿ, ಹೀಗೇ ದಾರೀಲಿ ಹೋಗ್ತಿದ್ವಿ. ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ?" ಎಂದು ಅಪ್ಪ ಕೇಳಿದರು.

ಅಮ್ಮ ಮಗಳ ಮುಖ ನೋಡಿದಳು. ಅಲ್ಲಿ ನಗು ಉಳಿದಿರಲಿಲ್ಲ. ಸೂಜಿಯನ್ನು ರವಿಕೆಯ ತೋಳಿಗೆ ಸಿಕ್ಕಿಸಿಕೊಂಡು ಒಳಗೆ ಹೋಗಿ, ಅಪ್ಪ ದಿನಾ ಕುಡಿಯುವ ಲೋಟದಲ್ಲೇ ನೀರು ತಂದಳು. "ಕೂತ್ಕೊಂಡು ಕುಡೀರಿ," ಎಂದಳು.

ಅಪ್ಪ ನಿಂತೇ ಗಟಗಟನೆ ಕುಡಿದು, ಲೋಟ ಹಿಂದೆ ಕೊಟ್ಟು, ಮಗಳ ಕಿವಿಯ ಬಳಿ ಬಾಗಿದರು. "ಎಷ್ಟು ಒಳ್ಳೇ ಜನ ನೋಡು. ಇನ್ನೂ ಸ್ವಲ್ಪ ಹೊತ್ತು ಇರಬಹುದಿತ್ತು. ನಡಿ, ಮನೇಲಿ ನಿಮ್ಮಮ್ಮ ಕಾಯ್ತಾ ಇರ್ತಾಳೆ."