ಸತ್ತ ಮಗುವಿನ ಮೇಣದಬತ್ತಿ

"ಈ ಹೆಸರು ನಿಮ್ಮದೇನಾ?" ಎಂದು ಕೇಳುತ್ತ ಆ ಹೆಂಗಸು ಮಡಿಸಿದ ಕಾಗದವೊಂದನ್ನು ಮೇಣದಬತ್ತಿಗಳ ರಾಶಿಯ ಮೇಲಿಟ್ಟಳು.

ಬತ್ತಿ ಮಾರುತ್ತಿದ್ದ ಲಿಡ್ವಿನಾಗೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಮೇ ತಿಂಗಳ ಭಾನುವಾರ. ಆಂಟ್‌ವರ್ಪ್‌ನಿಂದ ಸ್ಕೆರ್ಪೆನ್‌ಹೂವೆಲ್‌ವರೆಗೆ ನಡೆದು ಬಂದ ಯಾತ್ರಿಕರು ಇಗರ್ಜಿಯ ಮೆಟ್ಟಿಲ ಮೇಲೆ ಬೂಟು ಬಿಚ್ಚಿ ಕಾಲಿನ ಬೊಬ್ಬೆ ನೋಡಿಕೊಳ್ಳುತ್ತಿದ್ದರು. ಅಂಗಡಿಯ ಮುಂದೆ ಸಾಲು ನಿಂತಿತ್ತು. ಅವಳು ಮಡಿಕೆಯ ಹೊರಗೆ ಕಾಣುತ್ತಿದ್ದ ಹೆಸರನ್ನು ಓದಿ, "ನಂದೇ. ಯಾಕೆ, ಪೊಲೀಸಾ ನೀವು?" ಎಂದಳು.

ಪಕ್ಕದಲ್ಲಿ ಜೇನು ಬಿಸ್ಕತ್ತು ಮಾರುವ ಫಿರ್ಮಿನ್ ಬಾಯಿ ಹಾಕಿದ. "ಹಿಡ್ಕೊಂಡು ಹೋಗಿ ಮೇಡಂ. ನಲವತ್ತೈದು ವರ್ಷದಿಂದ ನನ್ನ ಗಿರಾಕಿಗಳನ್ನ ಕದೀತಿದ್ದಾಳೆ ಈ ಮುದುಕಿ."

ಹೆಂಗಸು ನಗಲಿಲ್ಲ. ಅವಳಿಗೂ ಐವತ್ತು ದಾಟಿತ್ತು. "ನಾನು ವೀರ್ಲೆ, ಹ್ಯಾಸೆಲ್ಟ್‌ನವಳು. ಹುಟ್ಟಿದ್ದು ಎಪ್ಪತ್ತೊಂದನೇ ಇಸವಿ ಮಾರ್ಚ್ ಮೂರು. ಸನ್ಯಾಸಿನಿಯರ ಹೆರಿಗೆ ಮನೇಲಿ," ಎಂದಳು.

ಲಿಡ್ವಿನಾ ಕಣ್ಣರಳಿಸಿ ಅವಳನ್ನೇ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಅವತ್ತು ಹುಟ್ಟಿದ್ದು ಸತ್ತುಹೋಯ್ತು," ಎಂದಳು.

ಆಗ ಲಿಡ್ವಿನಾಗೆ ಹದಿನೆಂಟು. ಮದುವೆಯಾಗಿರಲಿಲ್ಲ. ಅಪ್ಪ ಆ ಹೆರಿಗೆ ಮನೆಗೆ ಕರೆದೊಯ್ದು ಬಿಟ್ಟು, ತಿರುಗಿಯೂ ನೋಡದೆ ಬಂದಿದ್ದ. ಮಗು ಸತ್ತಿದೆ ಎಂದ ಸನ್ಯಾಸಿನಿಯರು ಅದರ ಮುಖ ತೋರಿಸಲಿಲ್ಲ, ಮಣ್ಣು ಮಾಡಿದ ಜಾಗವನ್ನೂ ತೋರಿಸಲಿಲ್ಲ. ಅದಕ್ಕೇ ಪ್ರತಿ ಮಾರ್ಚ್ ಮೂರರಂದು ಅವಳು ಇಗರ್ಜಿಯಲ್ಲಿ ದೇವಮಾತೆಯ ಮುಂದೆ ಒಂದು ಬತ್ತಿ ಹಚ್ಚುತ್ತಿದ್ದಳು. ತೀರಿಕೊಂಡ ಅಜ್ಜಿಗೆಂದು ಗಂಡನಿಗೆ ಹೇಳಿದ್ದಳು. ಅವನು ಅದನ್ನೇ ನಂಬಿ ಕಣ್ಣು ಮುಚ್ಚಿದ್ದ.

"ಐವತ್ತೆರಡು ಬತ್ತಿ ಹಚ್ಚಿದ್ದೀನಿ ನಾನು. ಬದುಕಿರೋರಿಗೆ ಯಾರಾದ್ರೂ ಹಾಗೆ ಹಚ್ತಾರಾ? ನೀವು ಬೇರೆ ಯಾರನ್ನೋ ಹುಡುಕ್ತಿದ್ದೀರಿ, ಹೋಗಿ."

"ಸಾಕಿದ ಅಮ್ಮ ಜನವರಿಯಲ್ಲಿ ತೀರ್ಕೊಂಡ್ರು. ಬೀರುವಿನ ತಳದಲ್ಲಿ ಇದು ಸಿಕ್ತು," ಎಂದು ವೀರ್ಲೆ ಕಾಗದದ ಮಡಿಕೆ ಬಿಚ್ಚಿದಳು. "ಸಹಿ ನಿಮ್ಮದಲ್ವಾ?"

ಅವಳದೇ ಸಹಿ. ಶಾಲೆಯಲ್ಲಿ ಕಲಿತ ದುಂಡು ಅಕ್ಷರ. "ಸಾವಿನ ಕಾಗದ ಅಂದಿದ್ರು," ಎಂದಳು ಲಿಡ್ವಿನಾ. "ಆ ಸನ್ಯಾಸಿನಿ ಮೇಲಿನ ಅರ್ಧ ಕೈಯಲ್ಲಿ ಮುಚ್ಕೊಂಡಿದ್ಲು. ಇಲ್ಲಿ ಬರಿ ಅಂದ್ಲು, ಬರೆದೆ." ಮೇಲಿನ ಅರ್ಧವನ್ನು ಅವಳು ಈಗ ಮೊದಲ ಸಲ ಓದಿದಳು. ಮಗುವನ್ನು ನನ್ನ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಅಲ್ಲಿ ಟೈಪ್ ಮಾಡಿತ್ತು.

ಅವಳು ಬೆರಳಿಟ್ಟು ಆ ಸಾಲನ್ನು ಮತ್ತೊಮ್ಮೆ ಓದಿದಳು. ಫಿರ್ಮಿನ್ ತನ್ನ ಸ್ಟೂಲು ತಂದು ಅವಳ ಕೆಳಗೆ ತಳ್ಳಿದ. ಸಾಲಿನಲ್ಲಿದ್ದವರಿಗೆ, "ಅಂಗಡಿ ಮುಚ್ಚಿದೆ, ಆಚೆ ಕಡೆ ಹೋಗ್ರಪ್ಪ," ಎಂದ. ಅವನ ದನಿಯಲ್ಲಿ ತಮಾಷೆಯಿರಲಿಲ್ಲ.

"ನಾನಿಲ್ಲಿಗೆ ಹೊಸಬಳಲ್ಲ," ಎಂದಳು ವೀರ್ಲೆ. "ಪ್ರತಿ ಮೇ ತಿಂಗಳಲ್ಲೂ ಅಪ್ಪ ಅಮ್ಮ ನನ್ನನ್ನ ಕರ್ಕೊಂಡು ಬರ್ತಿದ್ರು. ಬತ್ತಿ ಇದೇ ಅಂಗಡೀಲಿ ತಗೋತಿದ್ವಿ. ಏಳು ವರ್ಷದವಳಿದ್ದಾಗ ಒಂದು ಮುರಿದುಹಾಕಿದೆ. ನೀವು ಕೈ ಮೇಲೆ ಹೊಡೆದ್ರಿ."

ಲಿಡ್ವಿನಾ ಕಾಗದವನ್ನು ಪಕ್ಕಕ್ಕಿಟ್ಟು, "ಯಾವ ಕೈ?" ಎಂದು ಕೇಳಿದಳು.

ವೀರ್ಲೆ ಬಲಗೈ ಚಾಚಿದಳು. ಮುದುಕಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಂಗೈ ಮಗುಚಿ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅವಳು ಅಳುತ್ತಿರಲಿಲ್ಲ.

"ಹೆರಿಗೆ ಹೊತ್ತಲ್ಲಿ ನಡುವೆ ಒಂದು ಬಟ್ಟೆ ಅಡ್ಡ ಹಿಡಿದಿದ್ರು," ಎಂದಳು. "ಅದರಾಚೆ ಒಂದೇ ಒಂದ್ಸಲ ಕೇಳಿಸ್ತು ನಂಗೆ. ಮಗು ಅತ್ತಂಗಾಯ್ತಲ್ಲ ಅಂದೆ. ಹೊರಗೆ ಬೆಕ್ಕು ಕೂಗಿದ್ದು ಅಂದ್ರು. ಬೆಕ್ಕು ಅಂದಿದ್ದನ್ನ ನಂಬಿಬಿಟ್ಟೆ ಕಣೆ ನಾನು."